ನಂಗಿನ ತಲೆ

"ಅವ್ವಾ, ಯಾರ ಹಂಗಿಗೂ ಬೀಳದೆ ಬದುಕುವುದು ತಪ್ಪೇ?" ಎಂದು ಶಿಷ್ಯೆ ಕೇಳಿದಳು.

ಮಠದ ಅವ್ವ ಶಿಷ್ಯೆಯ ಸುಟ್ಟ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಜೇನುತುಪ್ಪ ಸವರುತ್ತಿದ್ದರು. ಪ್ರಶ್ನೆ ಕಿವಿಗೆ ಬಿದ್ದದ್ದೇ ಅವರ ಕೈ ತುಸು ಬಿರುಸಾಯಿತು. ಶಿಷ್ಯೆ "ಹಾ" ಎಂದಳು.

ಶಿಷ್ಯೆಯ ಹೆಸರು ಹೊನ್ನಿ. ಚಿಕ್ಕವಳಲ್ಲ. ತವರನ್ನೂ ಗಂಡನ ಮನೆಯನ್ನೂ ಬಿಟ್ಟು, ಯಾರೂ ಕರೆಯದೆ, ಯಾರೂ ಕಳಿಸದೆ, ಒಬ್ಬಳೇ ನಡೆದು ಮಠಕ್ಕೆ ಬಂದವಳು. ಅದನ್ನು ಅವಳೂ ಮರೆತಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಟ್ಟಿರಲಿಲ್ಲ.

ಆ ಬೆಳಿಗ್ಗೆ ಯಾತ್ರಿಕರಿಗಾಗಿ ಒಂದು ಹಂಡೆ ಗಂಜಿ ಬೆಂದಿತ್ತು. ಹಂಡೆಗೆ ಹಿಡಿಯಲು ಎರಡು ಬಳೆ. ಇಳಿಸಲು ಇಬ್ಬರು ಬೇಕು ಎಂದೇ ಮಾಡಿದವನು ಎರಡು ಬಳೆ ಇಟ್ಟಿರುತ್ತಾನೆ. ಅಡುಗೆಮನೆಯಲ್ಲಿ ಇನ್ನಿಬ್ಬರು ಹೆಂಗಸರಿದ್ದರು. ಅವರು ಕೈ ಚಾಚಿದರು. ಹೊನ್ನಿ "ಬಿಡಿ, ನನಗೆ ಬರುತ್ತದೆ" ಎಂದು ಎರಡು ಬಳೆಯನ್ನೂ ತಾನೇ ಹಿಡಿದಳು. ಗಂಜಿ ಅಡುಗೆಮನೆಯಿಂದ ಅಂಗಳದವರೆಗೆ ಹರಿಯಿತು. ಬಟ್ಟಲು ಮುಂದಿಟ್ಟುಕೊಂಡು ಕುಳಿತಿದ್ದ ಯಾತ್ರಿಕರು ನೀರು ಕುಡಿದು ಎದ್ದು ಹೋದರು.

"ಇಷ್ಟಾದ ಮೇಲೂ ಈ ಪ್ರಶ್ನೆಯೇ?" ಎಂದರು ಅವ್ವ.

"ಇಷ್ಟಾದದ್ದು ಕೈ ಜಾರಿದ್ದರಿಂದ. ಪ್ರಶ್ನೆ ಬೇರೆ" ಎಂದಳು ಹೊನ್ನಿ.

ಅವ್ವ ಜೇನಿನ ಬಟ್ಟಲನ್ನು ಕೆಳಗಿಟ್ಟರು. ಸದ್ದು ಬರುವಂತೆಯೇ ಇಟ್ಟರು. ಆಮೇಲೆ ಈ ಕತೆ ಹೇಳಿದರು.

ಕಡಲ ಕರೆಯಲ್ಲಿ ಒಂದು ಮೀನುಗಾರರ ಕೇರಿ. ಅಲ್ಲಿ ಒಬ್ಬ ಹೆಂಗಸು. ಗಂಡ ಸತ್ತ. ಅವನ ದೋಣಿ ಉಳಿಯಿತು. ಒಬ್ಬರೇ ಕೂರುವ ಕಿರುದೋಣಿ ಅದು. ಕಾಲು ಚಾಚಿದರೆ ತುದಿ ಮುಟ್ಟುತ್ತದೆ. ಒಂದು ಮಗ್ಗುಲಿಗೆ ಎರಡು ಬಿದಿರಿನ ಗಳು ಚಾಚಿ, ಅವುಗಳ ಕೊನೆಗೆ ಒಂದು ತೇಲುಮರ ಕಟ್ಟಿರುತ್ತಾರೆ. ಆ ಮರ ನೀರಿನ ಮೇಲೆ ಕೂತಿರುವವರೆಗೆ ದೋಣಿ ಮಗುಚುವುದಿಲ್ಲ.

ಕೇರಿಯವರು, "ಹೆಂಗಸು ಮೀನು ಮಾರಬೇಕು, ಹಿಡಿಯಬಾರದು" ಎಂದರು. ಗಂಡನ ತಮ್ಮ ಬಂದು, "ದೋಣಿ ನನಗೆ ಕೊಡು ಅತ್ತಿಗೆ. ದಿನಾ ನಿನ್ನ ಬುಟ್ಟಿಗೆ ಮೀನು ಹಾಕುತ್ತೇನೆ. ಮಾರಿಕೊಂಡು ತಿನ್ನು" ಎಂದ. ಅವಳು ಕೇರಿಯ ಮಾತನ್ನೂ ಕೇಳಲಿಲ್ಲ, ಮೈದುನನ ಮಾತನ್ನೂ ಕೇಳಲಿಲ್ಲ. ಹುಟ್ಟು ಹಾಕುವುದನ್ನು ತಾನೇ ಕಲಿತಳು. ಗಾಳ ಕಟ್ಟುವುದನ್ನು ತಾನೇ ಕಲಿತಳು. ಎಷ್ಟು ಸಲ ಮುಳುಗಿದಳೋ, ಕೇರಿಗೆ ತಿಳಿಯದಂತೆ ಮುಳುಗಿ, ಸೀರೆ ಒಣಗಿಸಿಕೊಂಡೇ ದಡಕ್ಕೆ ಬಂದಳು.

"ಭೇಷ್" ಎಂದಳು ಹೊನ್ನಿ.

"ಭೇಷೇ. ನಾನೇನು ಅಲ್ಲವೆಂದೆನೇ? ಬಾಯಿ ಮುಚ್ಚಿಕೊಂಡು ಕೇಳು" ಎಂದರು ಅವ್ವ.

ಆ ಕೇರಿಯಲ್ಲಿ ಒಂದು ಕಟ್ಟಳೆ ಇತ್ತು. ದೊಡ್ಡ ಮೀನು ಬಿದ್ದರೆ ಅದರ ಮೈಯನ್ನು ಮಾರಬಹುದು, ಹಂಚಬಹುದು. ತಲೆಯನ್ನು ಮಾರುವಂತಿಲ್ಲ. ತಲೆ ಹಿಡಿದವರ ಮನೆಗೆ ಹೋಗಬೇಕು. ಆ ಮನೆಯ ಒಲೆಯ ಮೇಲೆ ತಲೆಸಾರು ಕುದಿಯಬೇಕು. ಕೇರಿಯ ಹಿರಿಯರು ಬಂದು ಆ ಸಾರಿನಲ್ಲಿ ಉಂಡು, ಕೈ ತೊಳೆದು, "ಇದು ಕಡಲಿಗಿಳಿಯುವವರ ಮನೆ" ಎಂದು ಹೇಳಿ ಹೋಗಬೇಕು. ಅಲ್ಲಿಯವರೆಗೆ ಯಾರೂ ಮೀನುಗಾರನಲ್ಲ. ಗಾಳ ಹಿಡಿದು ಆಡುವವನು, ಅಷ್ಟೆ.

ಕಟ್ಟಳೆಗೆ ಇನ್ನೊಂದು ತುದಿಯೂ ಇತ್ತು. ಮೀನು ಇನ್ನೂ ನೀರಿನಲ್ಲಿರುವಾಗ ಬೇರೊಬ್ಬನ ಕೈ ಗಾಳದ ಹುರಿಗೆ ಬಿದ್ದರೆ, ತಲೆ ಆ ಎರಡನೆಯ ಕೈಗೆ. ಕಷ್ಟದಲ್ಲಿದ್ದ ದೋಣಿಯ ನೆರವಿಗೆ ಜನ ಓಡಿ ಬರಲಿ ಎಂದು ಹಿರಿಯರು ಮಾಡಿದ್ದು. ಮೀನು ದೋಣಿಯೊಳಗೆ ಬಿದ್ದ ಮೇಲೆ ಯಾರು ಮುಟ್ಟಿದರೂ ಲೆಕ್ಕಕ್ಕಿಲ್ಲ.

ಈ ಹೆಂಗಸಿನ ಒಲೆ ಇನ್ನೂ ತಲೆಸಾರು ಕಂಡಿರಲಿಲ್ಲ. ಅವಳ ಗಾಳಕ್ಕೆ ಅಂಗೈಯಗಲದ ಮೀನುಗಳು ಬೀಳುತ್ತಿದ್ದವು. ಬುಟ್ಟಿ ತುಂಬುತ್ತಿತ್ತು, ಹೊಟ್ಟೆಯೂ ತುಂಬುತ್ತಿತ್ತು. ದಡದಲ್ಲಿ ಬಲೆ ಹೆಣೆಯುತ್ತ ಕುಳಿತ ಗಂಡಸರು, "ಏನಕ್ಕಾ, ಇವತ್ತು ತಲೆಗೆ ಎಷ್ಟು ಕೊಡ ನೀರಿಡಲಿ?" ಎಂದು ಕೇಳುತ್ತಿದ್ದರು. ಅವಳು ನಗುತ್ತಿರಲಿಲ್ಲ. ಮನೆಗೆ ಹೋಗಿ, ಗಂಡನ ಕಾಲದ ದೊಡ್ಡ ಮಣ್ಣಿನ ಗಡಿಗೆಯನ್ನು ಕೆಳಗಿಳಿಸಿ, ತೊಳೆದು, ಮತ್ತೆ ಕವುಚಿ ಇಡುತ್ತಿದ್ದಳು.

ಒಂದು ದಿನ ಅವಳ ಗಾಳಕ್ಕೆ ನಂಗು ಬಿತ್ತು.

ನಂಗು ಚಪ್ಪಟೆ ಮೀನು. ತಳದ ಮರಳಿನಲ್ಲಿ ಮರಳಿನ ಬಣ್ಣವಾಗಿ ಮಲಗಿರುತ್ತದೆ. ಎರಡು ಕಣ್ಣೂ ಒಂದೇ ಮಗ್ಗುಲಿಗೆ. ಎಲ್ಲ ಕಡೆಯೂ ಸಿಗುವ ಮೀನೇ. ಆದರೆ ಇದು ಕೇರಿಯಲ್ಲಿ ಯಾರೂ ಕಂಡಿರದಂಥದ್ದು. ಬಾಗಿಲ ಹಲಗೆಯಷ್ಟಿತ್ತು.

ಮೇಲೆ ಬರುವಾಗ ನಂಗು ಹೋರಾಡುವುದಿಲ್ಲ. ನೆನೆದ ಕಂಬಳಿಯಂತೆ ಭಾರವಾಗಿ, ಸುಮ್ಮನೆ ಬರುತ್ತದೆ. ಬೆಳಕು ಕಂಡಾಗ ಅದಕ್ಕೆ ಪ್ರಾಣ ನೆನಪಾಗುತ್ತದೆ. ದೋಣಿಯ ನೆರಳು ಕಂಡದ್ದೇ ಅದು ತಳಕ್ಕೆ ಹಾರಿತು. ಹುರಿ ಅವಳ ಬೆರಳುಗಳ ಚರ್ಮವನ್ನು ಒಯ್ದಿತು. ಅವಳು ಮತ್ತೆ ಎಳೆದಳು. ಅದು ಮತ್ತೆ ಇಳಿಯಿತು. ಬಿಸಿಲು ಏರಿತು. ಕೊನೆಗೆ ಅದು ದೋಣಿಯ ಮಗ್ಗುಲಿಗೆ ಬಂದು ಅಲುಗದೆ ನಿಂತಿತು. ಎರಡು ಕಣ್ಣೂ ಅವಳನ್ನೇ ನೋಡುತ್ತಿದ್ದವು.

ಹೀಗಾದಾಗ ಏನು ಮಾಡಬೇಕು ಎಂಬುದು ಆ ಕಡಲ ಕರೆಯಲ್ಲಿ ಎಲ್ಲರಿಗೂ ಗೊತ್ತು. ನಂಗನ್ನು ನೀರಿನಲ್ಲಿಯೇ ಸಾಯಗೊಡಬೇಕು. ಇಬ್ಬರಿದ್ದರೆ ಒಬ್ಬ ಹುರಿ ಹಿಡಿಯುತ್ತಾನೆ, ಇನ್ನೊಬ್ಬ ಮರದ ಕೊಡತಿಯಿಂದ ತಲೆಗೆ ಹೊಡೆಯುತ್ತಾನೆ. ಒಬ್ಬನೇ ಇದ್ದರೆ ಕಿವಿರಿನಲ್ಲಿ ಹಗ್ಗ ತೂರಿಸಿ, ದೋಣಿಯ ಹಿಂದೆ ಕಟ್ಟಿ, ನಿಧಾನವಾಗಿ ಹುಟ್ಟು ಹಾಕುತ್ತ ದಡಕ್ಕೆ ಎಳೆದು ತರುತ್ತಾನೆ. ಜೀವವಿರುವ ನಂಗನ್ನು ಯಾರೂ ಕಿರುದೋಣಿಯೊಳಗೆ ಹಾಕಿಕೊಳ್ಳುವುದಿಲ್ಲ.

ಅವಳಿಗೂ ಗೊತ್ತಿತ್ತು. ಆದರೆ ಅವಳು ದಡದ ಕಡೆ ನೋಡಿದಳು. ಆ ಕೇರಿಯಲ್ಲಿ ಒಂದು ಹಗ್ಗ ನೀರಿನಿಂದ ಬರುವುದನ್ನು ಕಂಡು ಕೈ ಕಟ್ಟಿ ನಿಲ್ಲುವವನು ಹುಟ್ಟಿಲ್ಲ. ಎದೆಮಟ್ಟದ ನೀರಿಗೆ ಓಡಿ ಬರುತ್ತಾರೆ. ಯಾರಾದರೂ ಒಬ್ಬ ಹುರಿಗೆ ಕೈ ಹಾಕುತ್ತಾನೆ. ಪ್ರೀತಿಗೋ ತಮಾಷೆಗೋ, ಹಾಕಿಯೇ ಹಾಕುತ್ತಾನೆ. ತಲೆ ಅವನ ಮನೆಗೆ ಹೋಗುತ್ತದೆ. ಗಡಿಗೆ ಕವುಚಿಯೇ ಇರುತ್ತದೆ.

ಮೀನು ದೋಣಿಯೊಳಗೇ ಬರಬೇಕು ಎಂದು ಅವಳು ತೀರ್ಮಾನಿಸಿದಳು.

ಅಷ್ಟರಲ್ಲಿ ಮೈದುನ ತನ್ನ ದೋಣಿಯಲ್ಲಿ ಅತ್ತ ಬಂದ. ಮೀನನ್ನು ನೋಡಿದ. ಅವಳ ಕೈಯಿಂದ ಇಳಿಯುತ್ತಿದ್ದ ರಕ್ತವನ್ನೂ ನೋಡಿದ.

"ಅಬ್ಬಾ ಅತ್ತಿಗೆ! ಇದನ್ನು ಎಲ್ಲಿಂದ ಎಬ್ಬಿಸಿದೆ? ಹುರಿ ಇತ್ತ ಕೊಡು, ನಾನು ಹಿಡಿದಿರುತ್ತೇನೆ. ನೀನೇ ಹೊಡಿ."

"ಮುಟ್ಟಬೇಡ."

"ತಲೆಯ ಯೋಚನೆಯೇ? ತಲೆ ನಿನಗೇ ಇರಲಿ ಮಾರಾಯ್ತಿ. ನನ್ನ ಮನೆಯಲ್ಲಿ ಅಷ್ಟು ದೊಡ್ಡ ಗಡಿಗೆಯೂ ಇಲ್ಲ."

"ನೀನು ಬಿಟ್ಟುಕೊಟ್ಟ ತಲೆ ಎಂದು ಕೇರಿ ಹೇಳುತ್ತದೆ."

"ಕೇರಿಗೆ ಯಾರು ಹೇಳುತ್ತಾರೆ? ಇಲ್ಲಿ ನಾನು, ನೀನು, ಈ ನಂಗು. ನಾನು ಬಾಯಿ ಬಿಡುವುದಿಲ್ಲ. ಅಣ್ಣನಾಣೆ."

"ನಿನಗೆ ಗೊತ್ತಿರುತ್ತದಲ್ಲ" ಎಂದಳು ಅವಳು.

"ಸರಿಯಾಗಿ ಹೇಳಿದಳು!" ಎಂದಳು ಹೊನ್ನಿ.

ಅವ್ವ ಹಣೆ ಒತ್ತಿಕೊಂಡರು. "ಹೌದು, ಸರಿಯಾಗಿ ಹೇಳಿದಳು. ನೀವೆಲ್ಲ ಸರಿಯಾಗಿಯೇ ಹೇಳುತ್ತೀರಿ. ಗಂಜಿ ಮಾತ್ರ ನೆಲದ ಮೇಲಿರುತ್ತದೆ." ಹೀಗೆ ಹೇಳಿ ಕತೆ ಮುಂದುವರಿಸಿದರು.

ಮೈದುನನಿಗೂ ಸಿಟ್ಟು ಬಂತು. "ನಿನ್ನ ಹಟದಿಂದ ಅಣ್ಣನೇ ಸೋತು ಹೋಗಿದ್ದ. ಏನು ಬೇಕಾದರೂ ಮಾಡಿಕೋ" ಎಂದು ಹುಟ್ಟನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ. ಆದರೆ ಹೋಗಲಿಲ್ಲ.

ಅವಳು ಹುರಿಯನ್ನು ಎರಡು ಮುಂಗೈಗೂ ಸುತ್ತಿಕೊಂಡಳು. ತೇಲುಮರದ ಕಡೆಯಿಂದ ಎಳೆದರೆ ಗಳು ಅಡ್ಡ ಬರುತ್ತವೆ. ಆದ್ದರಿಂದ ತೇಲುಮರವಿಲ್ಲದ ಮಗ್ಗುಲಿಗೆ ತಿರುಗಿದಳು. ಮಂಡಿಯನ್ನು ದೋಣಿಯ ಅಂಚಿಗೆ ಕೊಟ್ಟು, ಉಸಿರು ಕಟ್ಟಿ ಎಳೆದಳು. ದೋಣಿ ಬಾಗಿತು. ತೇಲುಮರ ನೀರು ಬಿಟ್ಟು ಮೇಲೆದ್ದಿತು. ಅವಳು ಇನ್ನಷ್ಟು ಎಳೆದಳು. ಮೀನು ಅಂಚನ್ನು ದಾಟಿ ಅವಳ ಮಡಿಲಿಗೆ ಬಿತ್ತು. ತೇಲುಮರ ಮತ್ತೆ ನೀರಿನ ಮೇಲೆ ಕೂತಿತು.

ಮೀನು ದೋಣಿಯೊಳಗೆ ಬಂದಿತ್ತು. ಕಟ್ಟಳೆಯಂತೆ ತಲೆ ಅವಳದೇ. ಅವಳು ತಲೆ ಎತ್ತಿ ಮೈದುನನನ್ನು ನೋಡಿದಳು.

ಅವಳು ನೋಡಿದ್ದು ಅಷ್ಟೇ ಹೊತ್ತು. ನಂಗಿಗೆ ತಾನು ಎಲ್ಲಿದ್ದೇನೆ ಎಂಬುದು ತಿಳಿಯಿತು. ನೀರಿನಲ್ಲಿ ಅದಕ್ಕೆ ಓಡಲು ಜಾಗವಿತ್ತು, ಓಡುತ್ತಿತ್ತು. ಇಲ್ಲಿ ಜಾಗವಿರಲಿಲ್ಲ, ಬಡಿಯಿತು. ಮೊದಲ ಪೆಟ್ಟಿಗೆ ಹುಟ್ಟು ನೀರಿಗೆ ಹೋಯಿತು. ಮತ್ತೊಂದಕ್ಕೆ ಎರಡು ಗಳೂ ಬಿರಿದವು. ತೇಲುಮರ ಕಳಚಿ ತನ್ನ ಪಾಡಿಗೆ ತಾನು ತೇಲಿತು. ದೋಣಿ ಮಗುಚಿತು.

ಮೀನು ತಳಕ್ಕೆ ಹೊರಟಿತು. ಹುರಿ ಅವಳ ಮುಂಗೈಗಳಲ್ಲಿತ್ತು. ಅವಳೂ ಹೊರಟಳು.

ಮೈದುನ ಹಾರಿದ. ನೀರಿನೊಳಗೆ "ಕೈ ಕೊಡು" ಎಂದು ಕೂಗುವಂತಿರಲಿಲ್ಲ. ಕೂಗಿದರೂ ಅವಳು ಕೊಡುತ್ತಿದ್ದಳೋ ಇಲ್ಲವೋ. ಅವಳ ಎರಡು ಕೈಯನ್ನೂ ಮೀನು ಕೆಳಕ್ಕೆ ಎಳೆಯುತ್ತಿತ್ತು. ಅವನ ಹಿಡಿತಕ್ಕೆ ಸಿಕ್ಕಿದ್ದು ಅವಳ ತುರುಬು. ಅದನ್ನೇ ಹಿಡಿದ. ಇನ್ನೊಂದು ಕೈಯಿಂದ ಸೊಂಟದ ಕತ್ತಿ ತೆಗೆದು ಹುರಿ ಕೊಯ್ದ. ತುರುಬು ಹಿಡಿದೇ ಮೇಲೆ ತಂದ. ತುರುಬು ಹಿಡಿದೇ ತನ್ನ ದೋಣಿಗೆ ಎಳೆದುಕೊಂಡ. ದೋಣಿ ಮಗುಚಿದ್ದು ಕಂಡು ದಡಕ್ಕೆ ಓಡಿ ಬಂದವರೆಲ್ಲ ನೋಡಿದರು.

ಮೀನು ಹೋಯಿತು. ಅಲೆ ದೋಣಿಯನ್ನು ಬಂಡೆಗೆ ಒಯ್ದು ಬಡಿಯಿತು, ಅದೂ ಎರಡು ಹೋಳಾಯಿತು. ದೋಣಿಯಿಲ್ಲದ ಮೇಲೆ ಗಾಳವೆಲ್ಲಿ? ಆಮೇಲೆ ಪ್ರತಿದಿನ ಮೈದುನ ಅವಳ ಬುಟ್ಟಿಗೆ ಮೀನು ಹಾಕಿದ. ಅವಳು ಅದನ್ನು ಹೊತ್ತು ಮಾರಿದಳು. ಆ ದಿನದ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಅವಳಿಗೆ ಅದೇ ತಡೆಯಲಾಗಲಿಲ್ಲ.

ಅವ್ವ ಕತೆ ನಿಲ್ಲಿಸಿದರು. ಒಂದು ಬಿಳಿಯ ಬಟ್ಟೆ ಹರಿದು ಹೊನ್ನಿಯ ಪಾದಕ್ಕೆ ಸುತ್ತತೊಡಗಿದರು. ಬಾಗಿಲಲ್ಲಿ ಅಡುಗೆಮನೆಯ ಹೆಂಗಸರಿಬ್ಬರೂ ನಿಂತಿದ್ದರು. ಹೊನ್ನಿಯನ್ನು ಅವಳ ಚಾಪೆಗೆ ಎತ್ತಿಕೊಂಡು ಹೋಗಲು ಬಂದವರು. ಆಗಲೇ ಒಮ್ಮೆ ಬಂದು "ಬೇಡ" ಎನ್ನಿಸಿಕೊಂಡು ಹಿಂದೆ ಸರಿದಿದ್ದರು.

ಹೊನ್ನಿಯ ಮುಖ ಅರಳಿತು.

"ಅವ್ವಾ, ಮೀನು ಹೋಯಿತು, ದೋಣಿ ಹೋಯಿತು, ಒಪ್ಪುತ್ತೇನೆ. ಆದರೆ ಎರಡನೆಯ ಕೈಗೆ ತಲೆ ಸಿಗಲಿಲ್ಲವಲ್ಲ. ಅಷ್ಟರ ಮಟ್ಟಿಗೆ ಅವಳೇ ಗೆದ್ದಳು."

ಅವ್ವ ಬಟ್ಟೆಯ ಗಂಟನ್ನು ಬಿಗಿಯಾಗಿ ಎಳೆದರು.

"ಸಿಗದೆ ಏನು ತಾಯಿ, ತುರುಬು ಹಿಡಿದು ಅವನು ನೀರಿನಿಂದ ಎತ್ತಿದ್ದು ತಲೆಯನ್ನಲ್ಲದೆ ಮತ್ತೇನನ್ನು?"