ಓಬಳೇಶಿಯ ಫೈಟರ್ ಮೀನು

ಓಬಳೇಶಿ ಅಂತ ಒಬ್ಬನಿದ್ದ. ಎತ್ತಿನಂಥ ಆಳು, ಎಳೆಮಗುವಿನ ಬುದ್ಧಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವನ ತಾಯಿ ತಿಪ್ಪಕ್ಕ, "ಇವನಿಗೆ ಯಾರು ಹೆಣ್ಣು ಕೊಡ್ತಾರೆ!" ಎಂದು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕೊನೆಗೆ ಬಣ್ಣದ ಮೀನು ಮಾರುವ ಭಾಗ್ಯ ಒಪ್ಪಿದಳು. ಆದರೆ ಒಂದು ಕೆಂಪು ಫೈಟರ್ ಮೀನು ಕೈಗಿಟ್ಟು, "ಒಂದು ತಿಂಗಳು ಇದನ್ನ ಬದುಕಿಸು. ಮೀನು ಸಾಕದವನು ಹೆಂಡ್ತೀನ ಏನು ಸಾಕ್ತಾನೆ?" ಎಂದಳು.

"ಸಾಯಕ್ಕೆ ಬಿಡಲ್ಲ!" ಎಂದ ಓಬಳೇಶಿ.

ಮನೆಗೆ ಬಂದವನೇ ಗಾಜಿನ ತೊಟ್ಟಿಗೆ ನಲ್ಲಿ ನೀರು ತುಂಬಿಸಿ ಮೀನು ಬಿಟ್ಟ. ಮೀನು ಓರೆಯಾಗಿ ತೇಲಿತು! ತಿಪ್ಪಕ್ಕ ಓಡಿಬಂದು ಅದನ್ನು ಹಂಡೆಯ ಹಳೇ ನೀರಿಗೆ ಹಾಕಿದಳು.

"ಅಯ್ಯೋ ಪೆದ್ದೇ! ನಲ್ಲಿ ನೀರಿಗೆ ಔಷಧಿ ಹಾಕಿರ್ತಾರೆ! ಒಂದು ದಿನ ಇಟ್ಟು ಆಮೇಲೆ ಕೊಡಬೇಕು!"

"ಆಗಲಮ್ಮ!"

ಮರುದಿನ ಭಾಗ್ಯಳ ಅಪ್ಪ ಬಿಸಿಲಲ್ಲಿ ಬಂದು ನೀರು ಕೇಳಿದ. ಓಬಳೇಶಿ ಚೊಂಬು ತುಂಬಿ ಮುಂದಿಟ್ಟು, "ನಾಳೆ ಕುಡೀರಿ ಮಾವ!" ಎಂದು ಹೊರಟೇಹೋದ.

ತಿಪ್ಪಕ್ಕ ಗದರಿದಳು, "ಥೂ ನಿನ್ನ! ಬಂದವರನ್ನ ಒಂಟಿ ಬಿಡ್ತಾರೇನೋ? ಅವರ ಸರೀಕರನ್ನ ಕರೆತಂದು ಜೊತೆಗೆ ಕೂರಿಸಬೇಕು!"

"ಆಗಲಮ್ಮ!"

ಮನೆಗೆ ಬಂದದ್ದು ಮೀನೂ ಹೌದಲ್ಲ! ಸಂತೆಯಿಂದ ಇನ್ನೊಂದು ಗಂಡು ಫೈಟರ್ ತಂದು ಜೊತೆಗೆ ಬಿಟ್ಟ. ಎರಡೂ ಕಿವಿರು ಉಬ್ಬಿಸಿ ಕಾದಾಡಿದವು. ಕೆಂಪು ಮೀನಿನ ರೆಕ್ಕೆ ಚಿಂದಿ ಚಿಂದಿ! ಓಬಳೇಶಿ ಅಳುತ್ತಾ, ತೊಟ್ಟಿ ತಬ್ಬಿಕೊಂಡು ಅಂಗಡಿಗೆ ಓಡಿದ. ಭಾಗ್ಯ ಎರಡನ್ನೂ ಬೇರೆ ಬೇರೆ ತೊಟ್ಟಿಗೆ ಹಾಕಿ ನಡುವೆ ರಟ್ಟು ನಿಲ್ಲಿಸಿದಳು.

"ಮುಖ ಮುಖ ನೋಡಿದ್ರೆ ಹರಿದುಹಾಕ್ತಾವೆ! ನಡುವೆ ಅಡ್ಡ ಇರಲೇಬೇಕು. ಯಾರು ಹೇಳಿದ್ರೂ ತೆಗೀಬ್ಯಾಡ!"

ಓಬಳೇಶಿ ತೊಟ್ಟಿಗಳನ್ನು ಮನೆಗೆ ತಂದ, ರಟ್ಟು ತೆಗೆಯಲಿಲ್ಲ. ಒಂದು ದಿನ ಇಟ್ಟ ನೀರನ್ನೇ ಹಾಕಿದ, ಮೀನಿನ ತಿಂಡಿ ಎಣಿಸಿ ನಾಲ್ಕೇ ಕಾಳು ತಿನ್ನಿಸಿದ, ತೊಟ್ಟಿಯ ಪಕ್ಕದಲ್ಲೇ ಮಲಗಿದ. ರೆಕ್ಕೆ ಚಿಗುರಿತು, ತಿಂಗಳು ತುಂಬಿತು, ಮದುವೆ ಗೊತ್ತಾಯಿತು!

ಹಸೆಮಣೆಯ ಮೇಲೆ ಗಂಡು, ಹೆಣ್ಣು. ನಡುವೆ ಅಂತರಪಟ. "ಗಟ್ಟಿಮೇಳ!" ಎಂದು ಪುರೋಹಿತರು ಬಗ್ಗಿ ಪರದೆ ಎಳೆದರು. ಓಬಳೇಶಿ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ.

"ತೆಗೀಬ್ಯಾಡಿ! ಮುಖ ನೋಡಿದ್ರೆ ಹರಿದುಹಾಕ್ತಾವೆ!"

"ಬಿಡೋ!" ಎಂದಳು ತಿಪ್ಪಕ್ಕ.

"ಬಿಡಲ್ಲ! ಭಾಗ್ಯನೇ ಹೇಳವಳೆ!"

"ಮುಹೂರ್ತ ಮೀರ್ತದೆ ಮಾರಾಯ! ಕಣ್ಣು ಮುಚ್ಕೊಂಡಾದ್ರೂ ಕಟ್ಟು!" ಪರದೆಯಾಚೆಯಿಂದ ಭಾಗ್ಯ ಕೂಗಿದಳು.

ಓಬಳೇಶಿ ಕಣ್ಣು ಮುಚ್ಚಿದ. ತಾಳಿ ಎತ್ತಿಕೊಂಡ. ಕೈಗೆ ಸಿಕ್ಕ ಕುತ್ತಿಗೆಗೆ ಬಿಗಿಯಾಗಿ ಮೂರು ಗಂಟು ಹಾಕಿ, "ನಿನ್ನ ಸಾಯಕ್ಕೆ ಬಿಡಲ್ಲ!" ಎಂದ.

"ಹಾಗಾದ್ರೆ ಗಂಟು ಸಡಿಲಿಸಪ್ಪ, ಉಸಿರು ಕಟ್ತಿದೆ!" ಎಂದರು ಪುರೋಹಿತರು.