ಮಾಳಿಗೆಯ ಮೇಲೆ ಒಣಗಿದ ಭೋಗಪ್ಪ

ಇದು ನಡೆದದ್ದು ಹೋದ ವರ್ಷದ ವೈಶಾಖದಲ್ಲಿ, ಬಸವ ಜಯಂತಿ ಕಳೆದ ವಾರ. ಸೇಡಂ ಕಡೆಯ ಒಂದು ಊರು. ಅಲ್ಲಿಯ ಬಿಸಿಲೆಂದರೆ, ಬಂಡೆಯ ಮೇಲಿನ ಕಾಗೆಯೂ ಕಾಲು ಬದಲಿಸಿ ಬದಲಿಸಿ ನಿಲ್ಲುವಂಥ ಬಿಸಿಲು.

ಆ ಊರಲ್ಲಿ ಹಂಪವ್ವ ಅಂತ ಒಬ್ಬಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೊಬ್ಬ ಮಗ, ಭೋಗಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಹಂಪವ್ವನ ಮಗಳು ಎರಡನೇ ಹೆರಿಗೆಗೆ ದೂರದ ಆಸ್ಪತ್ರೆ ಸೇರಿದಳು. ಮೊದಲನೆಯ ಕೂಸು, ಮೂರು ವರ್ಷದ ನೀಲು, ಅಜ್ಜಿಯ ಮನೆಗೆ ಬಂತು. ಹೋಗುವಾಗ ಮಗಳು ಒಂದೇ ಮಾತು ಹೇಳಿದ್ದಳು: "ಅವ್ವಾ, ಕೂಸು ಬಿಸಿಲು ತಡಿಯಂಗಿಲ್ಲ. ಜ್ವಾಕಿ."

ಜೋಪಾನ ಮಾಡುವುದು ಹೇಗೆ? ಕೆಲಸ ಬಿಡುವಂತಿಲ್ಲ. ಮನೆಯಲ್ಲಿ ಇರುವವನು ಭೋಗಪ್ಪ ಒಬ್ಬನೇ.

"ಭೋಗಾ, ಕೂಸು ನೀರು ಕೇಳಿದರ ಕೊಡು."

"ಹೂಂ ಅವ್ವಾ."

ಮಧ್ಯಾಹ್ನ ಬಂದು ನೋಡಿದರೆ ಕೂಸು ಗೋಡೆಗೆ ಒರಗಿತ್ತು. ಮುಖ ಕೆಂಪು, ತುಟಿ ಒಣಗಿ ಬಿರಿದಿದೆ, ಕಣ್ಣು ಅರ್ಧ ಮುಚ್ಚಿದೆ. ಕೊಡದಲ್ಲಿ ನೀರು ತುಂಬಿದ್ದು ತುಂಬಿದ ಹಾಗೇ ಇತ್ತು.

"ನೀರು ಕುಡಿಸಿಲ್ಲೇನೋ!"

"ಕೇಳಲೇ ಇಲ್ಲವ್ವಾ! ಅದರ ಬಾಯಿನೇ ನೋಡಕೋತ ಕುಂತಿದ್ದೆ. ಕೇಳಲೇ ಇಲ್ಲ!"

ಹಂಪವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದಳು. ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚ ಚಮಚ ಕುಡಿಸಿದಳು. ಸಂಜೆಗೆ ಕೂಸು ಅಜ್ಜಿಯ ಮುಖ ನೋಡಿ "ಆಯೀ" ಎಂದಿತು. ಹಂಪವ್ವನಿಗೆ ಹೋದ ಜೀವ ಬಂತು. ಜೀವ ಬಂದದ್ದೇ ತಡ, ಬಾಯಿಯೂ ಬಂತು.

"ಮೂಳಾ! ಸಣ್ಣ ಕೂಸು ಕೇಳತಾವೇನೋ? ಕೇಳೋ ತನಕ ಕಾಯಬ್ಯಾಡ! ನೆರಳಾಗ ಇಡು, ಹಸಿ ಅರಿವಿಲೆ ಒರಸು, ಘಳಿಗಿಗೊಮ್ಮೆ ನೀರು ಹಾಕು!"

"ಹೂಂ ಅವ್ವಾ. ನೆರಳಾಗ ಇಡು, ಹಸಿ ಅರಿವಿಲೆ ಒರಸು, ಘಳಿಗಿಗೊಮ್ಮೆ ನೀರು ಹಾಕು."

ಮರುದಿನ ಹಂಪವ್ವನಿಗೆ ಧೈರ್ಯ ಸಾಲಲಿಲ್ಲ. ನೀಲುವನ್ನು ಕಂಕುಳಲ್ಲಿ ಎತ್ತಿಕೊಂಡೇ ಖಾನಾವಳಿಗೆ ಹೊರಟಳು. ಮಾಳಿಗೆಯ ಮೇಲೆ ಆಗತಾನೇ ಸಂಡಿಗೆ ಇಟ್ಟಿದ್ದಳು.

"ಭೋಗಾ, ಶಂಡಿಗಿ ನೋಡ್ಕೋ."

"ಹೂಂ ಅವ್ವಾ."

ಖಾನಾವಳಿಯ ಒಡತಿ ಗುರುಬಾಯಿ ಹುಬ್ಬೇರಿಸಿದಳು. "ಒಲಿ ಮುಂದ ಕೂಸಿನ ಕೂಡಿಸ್ತಿಯೇನ? ಇಲ್ಲಿ ನಾವೇ ಬೇಯಾಕತ್ತೀವಿ. ನಾಳಿ ಮನ್ಯಾಗ ಬಿಟ್ಟು ಬಾ."

ಮನೆಗೆ ಬಂದರೆ ಸಂಡಿಗೆ ಮಾಳಿಗೆಯಲ್ಲಿ ಇಲ್ಲ. ಪಡಸಾಲೆಯ ಮೂಲೆಯಲ್ಲಿ ಇತ್ತು, ಅಂಬಲಿಯಾಗಿ. ಭೋಗಪ್ಪ ಪಕ್ಕದಲ್ಲಿ ತಂಬಿಗೆ ಹಿಡಿದು ಕುಳಿತಿದ್ದ.

"ನೆರಳಾಗ ಇಟ್ಟೆ, ಹಸಿ ಅರಿವಿಲೆ ಒರಸಿದೆ, ಘಳಿಗಿಗೊಮ್ಮೆ ನೀರು ಹಾಕಿದೆ! ಬಾಯಿ ತೆರೀಲಿಲ್ಲವ್ವಾ, ಮ್ಯಾಲೇ ಹೊಯ್ದೆ!"

"ಅಯ್ಯ ನನ್ನ ಕರ್ಮವೇ! ಶಂಡಿಗಿಗೆ ನೆರಳಾ? ಮಾಳಿಗಿ ಮ್ಯಾಲ ಹರವಬೇಕು! ಮಗ್ಗಲ ಬದಲಿಸಿ ಹಾಕಬೇಕು! ಕಾಗಿ ಓಡಿಸಬೇಕು! ಗಲಗಲ ಅನ್ನೋ ತನಕ ಒಣಗಿಸಬೇಕು!"

"ಹೂಂ ಅವ್ವಾ. ಹರವಬೇಕು, ಮಗ್ಗಲ ಬದಲಿಸಬೇಕು, ಕಾಗಿ ಓಡಿಸಬೇಕು, ಗಲಗಲ ಅನ್ನೋ ತನಕ ಒಣಗಿಸಬೇಕು."

ಮೂರನೆಯ ದಿನ ಕೂಸನ್ನು ಮನೆಯಲ್ಲೇ ಬಿಟ್ಟಳು.

"ಭೋಗಾ, ಕೂಸಿನ ನೋಡ್ಕೋ. ನಾ ಹೇಳಿದ್ದು ನೆನಪೈತಿಲ್ಲ?"

"ಐತವ್ವಾ! ಚೆಂದ ನೆನಪೈತಿ!"

ಹಂಪವ್ವ ನಿಶ್ಚಿಂತೆಯಿಂದ ರೊಟ್ಟಿ ಬಡಿಯುತ್ತಿದ್ದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪಕ್ಕದ ಮನೆಯ ಕಾಶಿಬಾಯಿ ಬುತ್ತಿ ಒಯ್ಯಲು ಬಂದವಳು ಕೇಳಿದಳು:

"ಇವತ್ತೂ ಶಂಡಿಗಿ ಹಾಕೀಯೇನ ಹಂಪವ್ವಾ? ನಿನ್ನ ಮಗ ಮಾಳಿಗಿ ಮ್ಯಾಲ ಕೋಲು ಹಿಡದು ಕಾಗಿ ಓಡಸಾಕತ್ತಾನ."

ಹಂಪವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಅವತ್ತು ಸಂಡಿಗೆ ಹಾಕಿರಲಿಲ್ಲ. ಅವತ್ತು ಮನೆಯಲ್ಲಿದ್ದದ್ದು ಕೂಸು.

ಚಪ್ಪಲಿ ಮೆಟ್ಟಲಿಲ್ಲ. ಕೈ ತೊಳೆಯಲಿಲ್ಲ. ಓಣಿಗೆ ಹಾಸಿದ, ಕಾದ ಪರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿದಳು. "ನೀಲೂ, ನೀಲೂ" ಅನ್ನುತ್ತ ಮೆಟ್ಟಿಲು ಹತ್ತಿದಳು.

ಮಾಳಿಗೆಯ ನಡುವೆ ಜಮಖಾನ. ಜಮಖಾನದ ಮೇಲೆ ಭೋಗಪ್ಪ! ಅಂಗಿ ಇಲ್ಲ, ಮೈ ಬ್ಯಾಡಗಿ ಮೆಣಸಿನಕಾಯಿ. ಮಲಗಿದಲ್ಲಿಂದಲೇ ಕಾಗೆಗೆ ಕೋಲು ಬೀಸುತ್ತಿದ್ದ. ಆಚೆ ನೀರಿನ ಟಾಕಿಯ ನೆರಳಲ್ಲಿ ನೀಲು. ತಲೆಯ ಮೇಲೆ ಒದ್ದೆ ಟವೆಲು, ಕೈಯಲ್ಲಿ ನೀರಿನ ಲೋಟ.

"ಮಾಮಾ, ಮಗ್ಗಲಾಗು!" ಅಂತು ನೀಲು. ಮಾಮ ಮಗ್ಗಲಾದ.

"ಕೂಸಿನ ಹರವಿದೇನೋ ಪಾಪೀ!"

"ಹರವಾಕ ಹೋದ್ನವ್ವಾ! 'ನೀ ಮೊದಲ ಒಣಗು ಮಾಮಾ, ನಾ ನೋಡತೀನಿ' ಅಂತು. ಮುಂಜಾನಿಂದ ಒಣಗಾಕತ್ತೀನಿ. ಇನ್ನೂ ಗಲಗಲ ಅನವಲ್ಲೆ!"

ಹಂಪವ್ವ ಕೂಸನ್ನು ಬಾಚಿ ಅಪ್ಪಿದಳು. ಮೈ ಮುಟ್ಟಿ ನೋಡಿದಳು. ತಂಪಾಗಿತ್ತು. ಅಳು ಬಂತು, ಅದರ ಹಿಂದೆಯೇ ನಗು ಬಂತು. ಮಗನನ್ನು ಎಳೆದು ನೆರಳಿಗೆ ತಂದು, ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದಳು. ಆಮೇಲೆ ಬೈದಳು.

"ಕೇಳಲೇ ಖೋಡೀ! ಬಿಸಿಲಾಗ ಕೂಸು ಕಂಡರ ಒಳಗ ತಂದು ಕೂಡಿಸು! ಕಿಟಕಿ ತೆಗಿ, ಹಸಿ ಸೀರಿ ಕಟ್ಟು, ಮಜ್ಜಿಗಿ ಕುಡಸು! ಹೊತ್ತು ಇಳಿಯೋ ತನಕ ಯಾರು ಬಂದರೂ ಹೊರಗ ಬಿಡಬ್ಯಾಡ!"

"ಹೂಂ ಅವ್ವಾ."

ನಾಲ್ಕನೆಯ ದಿನ ಬಿಸಿಲು ಇನ್ನೂ ಒಂದು ಕೈ ಮೇಲು. ಹಂಪವ್ವ ನೀಲುವನ್ನು ಕಾಶಿಬಾಯಿಯ ಮನೆಯಲ್ಲಿ ಬಿಟ್ಟಳು. ಮಗನಿಗೆ ಯಾವ ಕೆಲಸವನ್ನೂ ಹೇಳಲಿಲ್ಲ. "ಸುಮ್ಮನೆ ಹೊಸ್ತಿಲ ಮ್ಯಾಲ ಕುಂತಿರು" ಅಂದಳು, ಅಷ್ಟೆ.

ತಿರುಗಿ ಬರುವಾಗ ಓಣಿಯ ತುಂಬ ಹೆಂಗಸರು.

"ಹಂಪವ್ವಾ! ನಿನ್ನ ಮಗ ನಮ್ಮ ಮಕ್ಕಳ ಒಳಗ ಹಾಕ್ಯಾನ! ಬಿಡವಲ್ಲ!"

ಹಂಪವ್ವ ಹೆಂಗಸರನ್ನು ಸರಿಸಿ ಮುಂದೆ ನುಗ್ಗಿದಳು. ಇಂಥ ಸೆಕೆಯಲ್ಲಿ!

"ಬಾಗಲಾ ಮುಚ್ಚ್ಯಾನೇನ?"

"ಇಲ್ಲ, ಅಡ್ಡ ಮಲಗ್ಯಾನ!"

ಹೊಸ್ತಿಲಿಗೆ ಅಡ್ಡ ಮಲಗಿದ್ದ ಭೋಗಪ್ಪ ತಲೆ ಎತ್ತಿ ಗದರಿದ. "ಹೊತ್ತು ಇಳಿದಿಲ್ಲ! ಇಳಿದ ಮ್ಯಾಲ ಬರ್ರಿ!"

ಹಂಪವ್ವ ಅವನನ್ನು ದಾಟಿ ಒಳಗೆ ಹೋದಳು. ಕಿಟಕಿಗಳು ತೆರೆದಿದ್ದವು. ಕಿಟಕಿಗೆ ಅವಳ ಸೀರೆಗಳೆಲ್ಲ ಒದ್ದೆಯಾಗಿ ತೂಗುತ್ತಿದ್ದವು. ಒಳಗೆ ಗರ್ಭಗುಡಿಯ ಹಾಗೆ ತಂಪು. ಬಯಲಲ್ಲಿ ಚೆಂಡು ಆಡುವವರು, ಗೋಲಿ ಆಡುವವರು, ಕಾಶಿಬಾಯಿಯ ಅಂಗಳದಲ್ಲಿದ್ದ ನೀಲು, ಎಲ್ಲರೂ ಸಾಲಾಗಿ ಕುಳಿತಿದ್ದಾರೆ. ಎಲ್ಲರಿಗೂ ಮಜ್ಜಿಗೆಯ ಮೀಸೆ.

ಹಿಂದೆ ನುಗ್ಗಿದ ತಾಯಂದಿರು ಬೈಯಲು ಬಾಯಿ ತೆರೆದವರು ಹಾಗೇ ನಿಂತರು. "ನಮ್ಮ ಶರಣ್ಯಾ ದಿನಾ ಮಟಮಟ ಮಧ್ಯಾಹ್ನ ಕಲ್ಲಿನ ಖಣಿಗಿ ಈಜಾಕ ಓಡತಿದ್ದ" ಎಂದಳು ಒಬ್ಬಳು, ಕುಸಿದು ಕೂರುತ್ತ. "ಎಷ್ಟು ಹೆದರಿದ್ದೆ ಯವ್ವಾ. ಇಲ್ಲೇ ಅದಾನ."

ಯಾರೂ ಬೈಯಲಿಲ್ಲ. ಮಜ್ಜಿಗೆ ಉಳಿದಿದೆಯೇ ಎಂದು ಕೇಳಿದರು.

ಮೂಲೆಯಲ್ಲಿ ಏನೋ ಮ್ಯಾ ಅಂದಿತು.

"ಇವ್ಯಾಕೋ?"

"ಅವೂ ಬಿಸಿಲಾಗ ಇದ್ದವವ್ವಾ. ಅವರವ್ವ ಕಾಣಲಿಲ್ಲ."

ಹಂಪವ್ವ ಬೆರಳು ಮಾಡಿ ಎಣಿಸಿದಳು. ಮಕ್ಕಳು ಹತ್ತೊಂಬತ್ತು, ಆಡಿನ ಮರಿ ನಾಲ್ಕು.