ದ್ಯಾಮಣ್ಣನ ಇಂಜಿನ್ನಿಗೆ ಸಿಕ್ಕ ಕಾಗದ

ಕಮ್ಮಾರ ದ್ಯಾಮಣ್ಣ ಗುಜರಿ ಸಾಮಾನಿನಿಂದಲೇ ಒಂದು ಡೀಸೆಲ್ ಇಂಜಿನ್ ಕಟ್ಟಿದ. ಪಿಸ್ಟನ್ನು ಹಳೇ ಜೀಪಿನದು, ಗಾಲಿ ಮುರಿದ ಹಿಟ್ಟಿನ ಗಿರಣಿಯದು, ಎಣ್ಣೆ ಡಬ್ಬಿ ಹೆಂಡತಿಯ ಅಡಿಗೆಮನೆಯದು. ಅದು ಡುಗುಡುಗು ಅನ್ನುತ್ತ ಊರವರ ಉಳ್ಳಾಗಡ್ಡಿ ಹೊಲಗಳಿಗೆ ನೀರೆತ್ತತೊಡಗಿತು.

ಸುದ್ದಿ ಕೇಳಿ ತಪಾಸಣೆ ಸಾಹೇಬರು ಜವಾನನ ಜೊತೆ ಬಂದೇಬಿಟ್ಟರು.

"ಇದು ಯಾವ ಕಂಪನಿದು? ಕಾಗದ ಎಲ್ಲಿ?"

"ಕಂಪನಿ ನಾನ ರೀ. ಕಾಗದ ಇಲ್ರಿ."

"ಹಾಗಾದರೆ ಜಪ್ತಿ! ನಾನು ಬರೆದುಕೊಡದೆ ಯಾರೂ ಇದನ್ನು ಮುಟ್ಟುವಂತಿಲ್ಲ. ನೀನಂತೂ ಮುಟ್ಟಲೇಬಾರದು!"

ದ್ಯಾಮಣ್ಣ ಕೈಕಟ್ಟಿ ನಿಂತುಬಿಟ್ಟ.

ಜವಾನ ಓಡುತ್ತಿದ್ದ ಇಂಜಿನ್ನಿಗೇ ಸೀಲು ಹಾಕಲು ದಾರ ಕಟ್ಟಹೋದ. ತಿರುಗುವ ಗಾಲಿ ದಾರವನ್ನು ಸೆಳೆದುಕೊಂಡಿತು, ಬಿಡಿಸಹೋದ ಸಾಹೇಬರ ಕರವಸ್ತ್ರವನ್ನೂ ಸೆಳೆದುಕೊಂಡಿತು. ಸಾಹೇಬರು ಕೀಲಿ ಹುಡುಕಿದರು, ಸ್ವಿಚ್ಚು ಹುಡುಕಿದರು. ಎರಡೂ ಇರಲಿಲ್ಲ. ಮುಖದ ತುಂಬ ಹೊಗೆ ಮಾತ್ರ ಸಿಕ್ಕಿತು.

"ಏ, ಬಂದ್ ಮಾಡೋ ಇದನ್ನ!"

"ಮುಟ್ಟಬ್ಯಾಡ ಅಂದೀರಲ್ರಿ. ಬರದು ಕೊಡ್ರಿ."

ಸಾಹೇಬರು ಕೆಮ್ಮುತ್ತಲೇ ಬರೆದರು: 'ಈ ಇಂಜಿನ್ ಮುಟ್ಟಲು ಕಮ್ಮಾರ ದ್ಯಾಮಣ್ಣನಿಗೆ ಅನುಮತಿ ಇದೆ.' ಸಹಿ ಹಾಕಿ ಠಸ್ಸೆಯನ್ನೂ ಒತ್ತಿದರು.

ದ್ಯಾಮಣ್ಣ ಎಣ್ಣೆ ನಿಲ್ಲಿಸಿದ. ಇಂಜಿನ್ ಸುಮ್ಮನಾಯಿತು. ಜವಾನ ಅರಗು ಕಾಯಿಸುವಷ್ಟರಲ್ಲಿ ದ್ಯಾಮಣ್ಣ ಕಾಗದವನ್ನು ಕಿಸೆಗಿಟ್ಟು, ಎಣ್ಣೆ ಬಿಟ್ಟು, ಹ್ಯಾಂಡಲ್ ಹೊಡೆದ. ಡುಗುಡುಗುಡುಗು!

"ಏಯ್! ಏನಿದು?" ಸಾಹೇಬರು ಹೌಹಾರಿದರು.

"ಕಾಗದ ಎಲ್ಲಿ ಅಂತ ಕೇಳಿದ್ರಿ. ನೀವ ಬರದು ಕೊಟ್ರಿ. ಇನ್ನ ಹಾದಿ ಬಿಡ್ರಿ ಸಾಹೇಬ್ರ, ನೀರು ಬರಾಕತ್ತೈತಿ, ಬೂಟು ತೊಯ್ತಾವು."